ಕಥೆ ಕೇಳಿದ ಕಾಳು

ಆ ಸಂಜೆ ಅಜ್ಜನ ಬೆರಳು ಶರಣನ ಜನನದ ಪದ್ಯದ ಮೇಲೆ ಹರಿಯಬೇಕಾಗಿತ್ತು. ಹರಿಯುತ್ತಿದ್ದದ್ದು ಪುಸ್ತಕದ ಮೊದಲಿಗೆ ಅಚ್ಚಾಗಿದ್ದ ತಪ್ಪು-ಒಪ್ಪುಗಳ ಪಟ್ಟಿಯ ಮೇಲೆ. ಪುಟ ಇಷ್ಟು, ಸಾಲು ಇಷ್ಟು, ತಪ್ಪು ಇದು, ಸರಿ ಇದು ಎಂದು ಸಾಲಾಗಿ ಇಳಿಯುವ ಆ ಪಟ್ಟಿಯ ಮೇಲೆ ಬೆರಳು ಎಡದಿಂದ ಬಲಕ್ಕೆ ಸಾವಕಾಶ ಸರಿಯುತ್ತಿತ್ತು. ಬಾಯಿಂದ ಪದ್ಯ ಮಾತ್ರ ಒಂದಕ್ಷರ ತಪ್ಪದೆ ಬರುತ್ತಿತ್ತು. ತಾಯಿಯ ಬಯಕೆ, ಒಂಬತ್ತು ತಿಂಗಳು, ತೊಟ್ಟಿಲು, ಹೆಸರಿಡುವುದು. ಮುಂದೆ ಕೂತ ಹೆಂಗಸರು ಜೋಗುಳಕ್ಕೆ ದನಿಗೂಡಿಸಿದರು. ನಾನು ಪುಸ್ತಕಕ್ಕೆ ಒಂದು ಮೊಳ ದೂರದಲ್ಲಿ ಕೂತಿದ್ದೆ. ಪುಟ ಮುಗಿಯಿತು ಎಂಬಂತೆ ಅಜ್ಜ ಮೂಲೆ ಹಿಡಿದು ಹಾಳೆ ತಿರುವಿದರು. ಆಚೆ ಬದಿಗೆ ಮುದ್ರಣಕ್ಕೆ ಕಾಣಿಕೆ ಕೊಟ್ಟವರ ಹೆಸರುಗಳಿದ್ದವು. ಕೂಸಿನ ತೊಟ್ಟಿಲು ಆ ಹೆಸರುಗಳ ಮೇಲೆ ತೂಗಿತು.

ಅಜ್ಜನಿಗೆ ಓದಲು ಬರುವುದಿಲ್ಲ. ಮೂವತ್ತು ವರ್ಷದ ಮೇಲಿನಿಂದ ಊರಿಗೆ ಪುರಾಣ ಓದುತ್ತ ಬಂದವರಿಗೆ ಓದಲು ಬರುವುದಿಲ್ಲ.

ಅಜ್ಜ ಈಗಿಲ್ಲ. ಅವರು ಇರುವತನಕ ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಈಗ ಬರೆಯುತ್ತಿದ್ದೇನೆ.

ನಮ್ಮ ಊರು ಯಲಬುರ್ಗಾ ತಾಲೂಕಿನದು, ಬೇವೂರಿನಿಂದ ಬಹಳ ದೂರವಿಲ್ಲ. ಶ್ರಾವಣ ತಿಂಗಳು ಪೂರ್ತಿ, ಸಂಜೆ ದೀಪ ಹಚ್ಚಿದ ಮೇಲೆ, ಊರ ಮಠದ ಪಡಸಾಲೆಯಲ್ಲಿ ಪುರಾಣ ನಡೆಯುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ. ಇದು ಎಲ್ಲ ಕಡೆಯೂ ಇದೆ. ನಮ್ಮಲ್ಲಿ ಇನ್ನೊಂದು ಪದ್ಧತಿ ಉಂಟು. ಮೊದಲ ದಿನ ಹೆಂಗಸರು ಒಂದು ಹಿಡಿ ಬಿಳಿಜೋಳವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಾರೆ. ಓದು ನಡೆಯುವಷ್ಟು ಹೊತ್ತು ಆ ಗಂಟು ಮುಷ್ಟಿಯಲ್ಲಿರುತ್ತದೆ. ಮನೆಗೆ ಹೋಗಿ ಕಾಳನ್ನು ದೇವರ ಮುಂದೆ ಇಡುತ್ತಾರೆ, ಮರುದಿನ ಅದನ್ನೇ ತರುತ್ತಾರೆ. ಶ್ರಾವಣ ಮುಗಿದು ಹಿಂಗಾರಿ ಬಿತ್ತನೆಗೆ ಬೀಜ ಹೊರತೆಗೆದಾಗ ಆ ಒಂದು ಹಿಡಿಯನ್ನು ಬೀಜದಲ್ಲಿ ಬೆರೆಸಿ, ಸಾಲಿಗೆ ಬೀಜ ಬಿಡುವ ಕೂರಿಗೆಗೆ ಹಾಕುತ್ತಾರೆ. ಕಥೆ ಕೇಳಿದ ಕಾಳು ಎನ್ನುತ್ತಾರೆ ಅದಕ್ಕೆ. ಅದು ಬೀಳದ ಹೊಲ ನಮ್ಮೂರಲ್ಲಿಲ್ಲ. ಹೊಲವಿದ್ದ ಮುಸಲ್ಮಾನರ ಮನೆಗಳಿಂದಲೂ ಒಂದೊಂದು ಹಿಡಿ ನೆರೆಮನೆಯವರ ಸೆರಗಿನಲ್ಲಿ ಬಂದು ಕೂರುತ್ತದೆ.

ಓದುತ್ತಿದ್ದ ಅಜ್ಜ ನನ್ನ ಸ್ವಂತ ಅಜ್ಜನಲ್ಲ, ಊರ ಬಡಿಗರು. ಊರಿನ ಕೂರಿಗೆಗಳೆಲ್ಲ ಅವರ ಕೈಯವೇ. ದಪ್ಪ ಗಾಜಿನ ಕನ್ನಡಕವನ್ನು ಧೋತರದ ಅಂಚಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮೂಗಿಗೇರಿಸಿ, ಆಮೇಲೆ ಪುಸ್ತಕ ಬಿಚ್ಚುತ್ತಿದ್ದರು. ಅವರು ಕನ್ನಡಕ ಒರೆಸುವುದನ್ನು ನೋಡಿಯೇ ಓದು ಎಂದರೆ ದೊಡ್ಡ ಕೆಲಸ ಎಂದು ಸಣ್ಣವಳಿದ್ದಾಗ ನನಗೆ ಅನ್ನಿಸಿದ್ದು.

ಅರ್ಥ ಹೇಳುತ್ತಿದ್ದವರು ನಿವೃತ್ತ ಸಾಲಿ ಮಾಸ್ತರರು. ಅವರು ತೀರಿಕೊಂಡ ವರ್ಷ ಊರ ಹಿರಿಯರು ಅರ್ಥ ಹೇಳಲು ನನ್ನನ್ನು ಕೇಳಿದರು. ಹೆಣ್ಣುಮಗಳು ಆ ಓದಿನ ಗದ್ದುಗೆಯ ಪಕ್ಕ ಕೂತದ್ದು ಅದೇ ಮೊದಲು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದವಳೂ ನಾನೇ ಮೊದಲು. ಯಲಬುರ್ಗಾದಲ್ಲಿ ಹೈಸ್ಕೂಲು, ಕುಷ್ಟಗಿಯಲ್ಲಿ ಪಿಯುಸಿ, ಕೊಪ್ಪಳದಲ್ಲಿ ಬಿ.ಎ., ಎಂ.ಎ. ಈಗ ಗಂಗಾವತಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಸಿಕ್ಕದ್ದಲ್ಲ.

ಮಠದ ಹಳೆಯ ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ಮೊದಲ ಗೌರವಧನ ಬಂದಾಗ ಕೊಪ್ಪಳದಿಂದ ಅದೇ ಪುರಾಣದ ಹೊಸ ಪ್ರತಿ ತಂದು, ಕೆಂಪು ವಸ್ತ್ರದಲ್ಲಿ ಸುತ್ತಿ ಮಠಕ್ಕೆ ಕೊಟ್ಟೆ. ಬಿಚ್ಚಿ ಓದಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಕಥೆ, ಅದರಲ್ಲಿ ನನಗೆ ತಿಳಿಯದ್ದೇನಿದೆ ಎಂಬ ಸೊಕ್ಕು. ಹಳೆಯದನ್ನು ಗಂಗಾವತಿಗೆ ಒಯ್ದು, ತುಂಗಭದ್ರಾ ಕಾಲುವೆಯಲ್ಲಿ ಹೂವಿನೊಂದಿಗೆ ಬಿಟ್ಟು ಬಾ ಎಂದು ಹಿರಿಯರು ಹೇಳಿದರು. ಬಿಟ್ಟು ಬಂದೆ. ಆ ಶ್ರಾವಣಕ್ಕೆ ಕಾಲೇಜಿಗೆ ರಜೆ ಹಾಕಿ ಊರಲ್ಲಿದ್ದೆ.

ಹೊಸ ಪುಸ್ತಕದ ಮೊದಲಿಗೆ ಮುನ್ನುಡಿ, ಬಿನ್ನಹ, ಪಟ್ಟಿ ಎಂದು ಎಷ್ಟೋ ಹಾಳೆಗಳಿದ್ದವು. ಆ ಮೊದಲ ಸಂಜೆ ಅಜ್ಜ ಅವುಗಳ ಮೇಲೆ ಓದಿಕೊಂಡು ಹೋದರು. ನಾನು ಅರ್ಥ ಹೇಳಿದೆ. ಏನು ಹೇಳಿದೆನೋ ದೇವರಿಗೇ ಗೊತ್ತು. ಮನೆಗೆ ಬರುವಾಗ ಅವ್ವ, "ಭಾಳ ಛಲೋ ಹೇಳಿದಿ ಬೇ. ಆದ್ರ ಯಾಕ ನಡುಗಾಕತ್ತಿದ್ದಿ?" ಎಂದಳು. ಮಂದಿ ಮುಂದೆ ಕೂತು ರೂಢಿಯಿಲ್ಲ ಎಂದೆ. ದಿನಾ ಕಾಲೇಜಿನಲ್ಲಿ ಮಂದಿ ಮುಂದೆ ನಿಲ್ಲುವವಳು ಆಡಿದ ಮಾತು.

ಮರುದಿನ ಹಗಲು ಮಠಕ್ಕೆ ಹೋಗಿ, ಅರ್ಥಕ್ಕೆ ತಯಾರಿ ಮಾಡಿಕೊಳ್ಳುತ್ತೇನೆ ಎಂದು ಹೇಳಿ ಪುಸ್ತಕ ಬಿಚ್ಚಿದೆ. ಮೊದಲು ತೆಗೆದದ್ದು ಬಾವಿಯ ಅಧ್ಯಾಯ. ಓದು ಒಂಬತ್ತನೆಯ ದಿನಕ್ಕೆ ಅಲ್ಲಿಗೆ ಬರುತ್ತದೆ. ನನ್ನ ಬದುಕಿನಲ್ಲಿ ದೇವರು ಎಂದು ಏನಾದರೂ ಇದ್ದರೆ ಅದು ಆ ಅಧ್ಯಾಯದಿಂದ ಬಂದದ್ದು. ಅದು ಹೇಗೆಂದು ಹೇಳಬೇಕು.

ಕಥೆ ಚಿಕ್ಕದು. ಮಟಮಟ ಮಧ್ಯಾಹ್ನ ಶರಣನೊಬ್ಬ ಬಾವಿಯ ಹತ್ತಿರ ಬರುತ್ತಾನೆ. ಹೆಂಗಸೊಬ್ಬಳು ತುಂಬಿದ ಕೊಡ ಹೊತ್ತು ನಿಂತಿದ್ದಾಳೆ. ನೀರು ಕೇಳುತ್ತಾನೆ. ಅವಳು ಕೊಡ ಖಾಲಿ ಎನ್ನುತ್ತಾಳೆ. ಹಾಗೇ ಇರಲಿ ತಾಯಿ ಎಂದು ಅವನು ಮುಂದೆ ನಡೆಯುತ್ತಾನೆ. ಅವಳು ಮನೆಗೆ ಬಂದು ಕೊಡ ಬಗ್ಗಿಸಿದರೆ ಹನಿ ನೀರಿಲ್ಲ. ಅಂಜಿ, ಕೊಡ ಹಿಡಿದು, ಕೂಗುತ್ತ ಅವನ ಹಿಂದೆ ಓಡುತ್ತಾಳೆ. ಮೂರನೆಯ ಕೂಗಿಗೆ ಶರಣ ತಿರುಗಿ ನೋಡುತ್ತಾನೆ. ಅವಳ ಜೊತೆ ಅದೇ ಬಾವಿಗೆ ವಾಪಸು ಬರುತ್ತಾನೆ. ಹಗ್ಗ ಬಿಡು ತಾಯಿ, ನನಗೂ ನೀರಡಿಕೆ, ನಿನಗೂ ನೀರಡಿಕೆ ಎನ್ನುತ್ತಾನೆ. ಇಬ್ಬರೂ ಕೂಡಿ ಹಗ್ಗ ಜಗ್ಗುತ್ತಾರೆ.

ಕುಷ್ಟಗಿಯ ಹಾಸ್ಟೆಲಿನಲ್ಲಿದ್ದಾಗ ಒಂದು ದಿನ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಕಳೆ ತೆಗೆಯುವ ಕೆಲಸ ಬಿಟ್ಟು ಹಾಗೇ ಬಸ್ಸು ಹತ್ತಿದ್ದಳು. ಕಾಲಿಗೆ ಕರಿ ಮಣ್ಣು, ಸೀರೆಗೆ ತೇಪೆ. ನನ್ನ ಕೋಣೆಯ ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು. "ಯಾರ ಬೇ ಈಕಿ?" ಎಂದು ಒಬ್ಬಳು ಕೇಳಿದಳು. "ನಮ್ಮೂರಾಕಿ. ಅವ್ವ ಬುತ್ತಿ ಕೊಟ್ಟು ಕಳಿಸ್ಯಾಳ" ಎಂದೆ. ಅವ್ವ ಎರಡು ಮಾರು ದೂರದಲ್ಲಿದ್ದಳು. ಕೇಳಿಸಿತು. ಅವಳು ಹುಡುಗಿಯರ ಕಡೆ ತಿರುಗಿ, "ಹೌದವ್ವ, ಇವರವ್ವ ಹೊಲಕ್ಕ ಹೋಗ್ಯಾಳ. ನಾ ಹಿಂಗ ಈ ಕಡೆ ಬಂದಿದ್ದೆ, ಕೊಟ್ಟು ಹೋಗೂಣಂತ..." ಎಂದು ಗಂಟು ನನ್ನ ಕೈಗಿಟ್ಟು ಹೋದಳು. ನನ್ನ ಸುಳ್ಳನ್ನು ತಾನೇ ಹೊತ್ತುಕೊಂಡು ಹೋದಳು. ಬಸ್‌ಸ್ಟ್ಯಾಂಡಿನತನಕ ಓಡಬೇಕು ಅನ್ನಿಸಿತ್ತು. ಓಡಲಿಲ್ಲ.

ಆ ವರ್ಷದ ಶ್ರಾವಣಕ್ಕೆ ಊರಿಗೆ ಬಂದಾಗ ಇಬ್ಬರೂ ಅದರ ಮಾತೆತ್ತಲಿಲ್ಲ. ಬಾವಿಯ ಅಧ್ಯಾಯದ ದಿನ ಅವಳ ಪಕ್ಕ ಕೂತಿದ್ದೆ. ಮೂರನೆಯ ಕೂಗಿಗೆ ಶರಣ ತಿರುಗಿ ನೋಡಿದನು ಎಂದು ಅಜ್ಜ ಹಾಡಿದಾಗ ಅವ್ವ ಸೆರಗಿನ ಗಂಟು ಬಿಚ್ಚಿದಳು. ಮುಷ್ಟಿಯೊಳಗಿನ ಕಾಳಿನಲ್ಲಿ ಅರ್ಧ ನನ್ನ ಅಂಗೈಗೆ ಸುರಿದಳು. ನನ್ನ ಮುಖ ನೋಡಲಿಲ್ಲ. ಕಾಳು ಬೆವರಿಗೆ ಒದ್ದೆಯಾಗಿದ್ದವು.

ದೇವರು ಎಂದರೆ ತಿರುಗಿ ನೋಡುವವನು ಎಂದು ನಾನು ನಂಬಿದ್ದು ಆವತ್ತು. ಪೂಜೆ, ಉಪವಾಸ ನನಗೆ ಅಷ್ಟಕ್ಕಷ್ಟೆ. ಈ ಒಂದು ಮಾತು ಮಾತ್ರ ಎದೆಯಲ್ಲಿ ನಿಂತಿತ್ತು.

ಎಂ.ಎ.ಯಲ್ಲಿ ನಮ್ಮ ಗುರುಗಳು ಒಂದು ಪ್ರಬಂಧ ಬರೆಯಲು ಹೇಳಿದರು. ಮನೆಯಲ್ಲೋ ಊರಲ್ಲೋ ಕೇಳಿದ ಒಂದು ಕೃತಿ ಆರಿಸಿ, ಅದರ ಆಶಯ ಏನು, ನಿಮ್ಮ ನಂಬಿಕೆಯೊಳಗೆ ಅದು ಹೇಗೆ ನಿಂತಿದೆ ಬರೆಯಿರಿ ಎಂದರು. ಉಳಿದವರು ಗೈಡು ನೋಡಿ ಭಕ್ತಿ, ವೈರಾಗ್ಯ, ಸಮಾನತೆ ಎಂದು ಬರೆದರು. ನಾನು ಬಾವಿಯ ಅಧ್ಯಾಯ ಬರೆದೆ. ಬೇರೆ ಪುರಾಣಗಳಲ್ಲಿ ಸುಳ್ಳಾಡಿದವರಿಗೆ ಶಾಪ ಬೀಳುತ್ತದೆ, ಈ ಕವಿ ಮಾತ್ರ ಸುಳ್ಳಾಡಿದವಳ ನೀರಡಿಕೆಯನ್ನೂ ಕಂಡ ಎಂದು ಬರೆದೆ. ಗುರುಗಳು ಅಂಚಿನಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದರು: "ಆಶಯ ಚೆನ್ನಾಗಿ ಹಿಡಿದಿದ್ದೀರಿ. ಪುಟ ಸಂಖ್ಯೆ?"

ಆಗ ಮಠದ ಪುಸ್ತಕವನ್ನು ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಅದು ಸಿಗಲಿಲ್ಲ. ಒಂದು ಅಂದಾಜಿನ ಸಂಖ್ಯೆ ಹಾಕಿ ಕೊಟ್ಟೆ. ನನ್ನ ಓದಿನಲ್ಲಿ ನಾನು ಮಾಡಿದ ಮೋಸ ಅದೊಂದೇ ಎಂದು ಬಹಳ ದಿನ ಅಂದುಕೊಂಡಿದ್ದೆ.

ಈಗ ಮಠದ ಪಡಸಾಲೆಯಲ್ಲಿ ಕೂತು ಆ ಅಧ್ಯಾಯ ಓದಿದೆ. ಮಧ್ಯಾಹ್ನ ಇತ್ತು, ಬಾವಿ ಇತ್ತು, ಕೊಡ ಇತ್ತು. ಅವಳು ಕೂಗುತ್ತ ಓಡಿದಳು. ಮೂರು ಸಲ ಕೂಗಿದಳು. ಶರಣ ತಿರುಗಿ ನೋಡಲಿಲ್ಲ.

ಮತ್ತೆ ಓದಿದೆ. ತಿರುಗಿ ನೋಡಲಿಲ್ಲ. ಮುಂದಿನ ನಾಲ್ಕು ಪದ್ಯಗಳಲ್ಲಿ ಅವಳಿಗೆ ಏಳು ಜನ್ಮದ ಶಾಪ. ಖಾಲಿ ಕೊಡ ಹೊತ್ತು ಬಾವಿಯಿಂದ ಬಾವಿಗೆ ಅಲೆಯುತ್ತಾಳೆ. ಇಣುಕಿದ ಬಾವಿ ಬತ್ತುತ್ತದೆ. ಶರಣರಿಗೆ ಸುಳ್ಳಾಡಿದವರ ಗತಿ ಇದು ಎಂದು ಅಧ್ಯಾಯ ಮುಗಿಯುತ್ತದೆ. ತಪ್ಪು-ಒಪ್ಪುಗಳ ಪಟ್ಟಿ ತೆಗೆದು ಹುಡುಕಿದೆ. ಈ ಪುಟದ ತಪ್ಪು ಅಲ್ಲಿ ಒಂದೂ ಇರಲಿಲ್ಲ.

ಯಾರೋ ಕಪಾಳಕ್ಕೆ ಹೊಡೆದಂತಾಯಿತು. ನಾನು ಹೊಗಳಿದ ಕವಿ ಅದನ್ನು ಬರೆದೇ ಇಲ್ಲ. ನಾನು ನಂಬಿದ ದೇವರು ಪುಸ್ತಕದಲ್ಲೇ ಇಲ್ಲ. ಹಾಗಾದರೆ ಅವನು ಎಲ್ಲಿಂದ ಬಂದ?

ಆ ಸಂಜೆಯಿಂದ ನಾನು ಒಂದು ಕೆಲಸ ಮಾಡತೊಡಗಿದೆ. ವಸ್ತ್ರ ಸರಿಮಾಡುವ ನೆವದಲ್ಲಿ ಕೈ ಚಾಚಿ, ಅಜ್ಜ ಹಾಡುತ್ತಿದ್ದ ಪದ್ಯ ಇದ್ದ ಪುಟವನ್ನು ಅವರ ಮುಂದೆ ಮಾಡಿದೆ. ಪುಟ ಮುಗಿದಲ್ಲಿ ನಾನೇ ತಿರುವಿದೆ. ಅಜ್ಜ ಒಮ್ಮೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಹಾಡು ನಿಲ್ಲಿಸಲಿಲ್ಲ. ಹೀಗೆ ಏಳು ಸಂಜೆ ನಡೆಯಿತು.

ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಎಂಟನೆಯ ದಿನ ಮಂಗಳಾರತಿ ಆದ ಮೇಲೆ ಮಠದ ಉಸ್ತುವಾರಿ ನೋಡುವ ಹಿರಿಯರು ಅಜ್ಜನ ಎದುರಿಗೇ ಹೇಳಿದರು:

"ಅಜ್ಜಗ ಹಾಳಿ ಸೈತ ಕಾಣವಲ್ಲವು, ಪಾಪ. ಮೇಡಮ್ಮಾರ ತಿರುವಿ ಕೊಡಾಕತ್ತಾರ. ಅಂದಮ್ಯಾಲ ನಾಳಿಂದ ನೀವ ಓದ್ರೆಲ್ಲ ತಂಗಿ. ನಾಳೆ ಬಾವಿ ಅಧ್ಯಾಯ, ಮಂದಿ ಭಾಳ ಬರ್ತಾರ. ವಿಡಿಯೋ ಮಾಡಿಸಿ ಊರ ಗ್ರೂಪಿಗೆ ಹಾಕೂಣು."

"ನನಗ ರಾಗ ಬರಂಗಿಲ್ರಿ" ಎಂದೆ.

"ರಾಗ ಯಾಕ ಬೇಕು? ಅಚ್ಚಾದದ್ದು ಅಚ್ಚಾದಂಗ ಓದ್ರಿ. ಕಲತವರಿದ್ದೂ ಊರಿಗೆ ಉಪಯೋಗ ಆಗದಿದ್ರ ಹೆಂಗ?"

ಅಜ್ಜ ಕನ್ನಡಕ ತೆಗೆದು, ಒರೆಸಿ, ಅಂಗಿಯ ಕಿಸೆಗೆ ಹಾಕಿಕೊಂಡರು.

ಬೆಳಿಗ್ಗೆ ಎದ್ದವಳೇ ಅವರ ಮನೆಗೆ ಹೋದೆ. ಅಂಗಳದ ಬೇವಿನ ಮರದ ಕೆಳಗೆ ಕೂತು ಬಾಚಿಯಿಂದ ಕೂರಿಗೆಯ ದಿಂಡು ಕೆತ್ತುತ್ತಿದ್ದರು. ಕಣ್ಣಿಗೆ ಕನ್ನಡಕ ಇರಲಿಲ್ಲ. ಆ ಸೂಕ್ಷ್ಮ ಕೆಲಸವನ್ನು ಬರಿಗಣ್ಣಿನಿಂದಲೇ ಮಾಡುತ್ತಿದ್ದರು. ಅದು ಮತ್ತೊಂದು ಏಟು.

"ಬಾ ಯವ್ವಾ, ಕುಂದರು" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಎಂಟ ದಿನದಿಂದ ಗೊತ್ತೈತಿ ನಿನಗ. ಮತ್ತ ಯಾಕ ಬಾಯಿ ಬಿಡಲಿಲ್ಲ?" ಎಂದು ಕೇಳಿದರು.

"ಏನಂತ ಬಿಡಲಿ ಅಜ್ಜಾ?"

"ಮುದುಕ ಮಂದೀನ ಮಂಗ್ಯಾ ಮಾಡ್ಯಾನಂತ ಬಿಡು."

ಅಳು ಬಂತು. ಅವರು ಬಾಚಿ ಕೆಳಗಿಟ್ಟರು. ಹುಡುಗನಾಗಿದ್ದಾಗ ಹಿಂದಿನ ಪುರಾಣಿಕರ ಪಕ್ಕ ಕೂತು ತಾಳ ಹಾಕುತ್ತಿದ್ದರಂತೆ. ಕೇಳಿ ಕೇಳಿಯೇ ಪೂರಾ ಪುರಾಣ ಬಾಯಿಗೆ ಬಂತು. ಪುರಾಣಿಕರು ತೀರಿಕೊಂಡಾಗ ಊರವರು ಇವರನ್ನೇ ಕೂರಿಸಿದರು.

"ಓದಾಕ ಬರ್ತೈತೇನಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಾಸ್ತರಗ ಮೊದಲ ವಾರಾನ ಗೊತ್ತಾತು. ಏನೂ ಅನ್ನಲಿಲ್ಲ ಪುಣ್ಯಾತ್ಮ. ಹಾಳಿ ಮೂಲಿಗೆ ಸುಣ್ಣದ ಬೊಟ್ಟು ಹಚ್ಚಿ ಕೊಟ್ಟ. ಬೊಟ್ಟು ಬಂತಂದ್ರ ಅಧ್ಯಾಯ ಸುರು. ಎಣ್ಣಿ ಬಿದ್ದ ಹಾಳಿ ಬಂದ್ರ ತೊಟ್ಟಲಾ, ಊದಿನಕಡ್ಡಿ ಸುಟ್ಟ ಹಾಳಿ ಬಂದ್ರ ಬಾವಿ. ನೀ ತಂದದ್ದು ಬೆಳ್ಳನ್ನ ಪುಸ್ತಕ ತಂಗಿ. ಒಂದ ಕಲೀ ಇಲ್ಲ."

ಹಳೆಯ ಪುಸ್ತಕದ ಕಲೆಗಳು ನೆನಪಾದವು. ಅವನ್ನು ಕಾಲುವೆಗೆ ಬಿಟ್ಟು, ಮುಳುಗುವತನಕ ನಿಂತು ಕೈ ಮುಗಿದವಳು ನಾನೇ. ಆಮೇಲೆ ಕೇಳಲು ಬಂದದ್ದನ್ನು ಕೇಳಿದೆ.

"ಅಜ್ಜಾ, ಬಾವಿ ಅಧ್ಯಾಯದಾಗ ಶರಣ ತಿರುಗಿ ನೋಡಾಂಗಿಲ್ಲ. ಪುಸ್ತಕದಾಗ ಶಾಪ ಐತಿ."

"ಐತಿ. ನನ್ನ ಗುರು ಹಂಗ ಹಾಡ್ತಿದ್ರು."

"ಮತ್ತ ನೀವು?"

"ನಾನೂ ಹಂಗ ಹಾಡಿದೆ, ಮೊದಲನೇ ವರ್ಷ. ಶಾಪದ ನುಡಿ ಮುಗದಿದ್ದಿಲ್ಲ, ಹೆಣ್ಮಕ್ಕಳ ನಡುವ ಒಬ್ಬಾಕಿ ಎದ್ದು ನಿಂತಳು. ಆ ವರ್ಷ ಲಗ್ನಾಗಿ ಬಂದಾಕಿ, ಇನ್ನಾ ಸಣ್ಣ ಹುಡುಗಿ. ಗಂಟು ಬಿಚ್ಚಿ ಕಾಳೆಲ್ಲಾ ನೆಲಕ್ಕ ಚೆಲ್ಲಿಬಿಟ್ಟಳು. 'ಇಂಥಾ ಮಾತು ಕೇಳಿದ ಕಾಳು ನಮ್ಮ ಹೊಲದಾಗ ಬಿತ್ತಾಂಗಿಲ್ಲ' ಅಂದ್ಲು. ಎದ್ದು ಹೋದ್ಲು. ಪಡಸಾಲ್ಯಾಗ ಪಿಟ್ಟಂತ ಶಬ್ದಿಲ್ಲ. ನಾ ನೋಡತೀನಿ, ಒಬ್ಬಾಕಿ ಗಂಟು ಬಿಚ್ಚಿದ್ಲು, ಮತ್ತೊಬ್ಬಾಕಿ ಬಿಚ್ಚಿದ್ಲು. ನೆಲದ ತುಂಬ ಜ್ವಾಳ."

ಕೂರಿಗೆ ಮಾಡುವವನ ಎದುರಿಗೆ ಬೀಜ ನೆಲಕ್ಕೆ ಬಿದ್ದಿತ್ತು. ಮಾರನೆಯ ದಿನ ಇದೇ ಮರದ ಕೆಳಗೆ ಕೂತು ಬಾಚಿಯ ಏಟಿಗೆ ಏಟು ಕೂಡಿಸುತ್ತ ನಾಲ್ಕು ನುಡಿ ಕಟ್ಟಿದರಂತೆ. ಶರಣ ಮೂರನೆಯ ಕೂಗಿಗೆ ತಿರುಗಿ ನೋಡಿದ. ಸಂಜೆ ಅದೇ ಅಧ್ಯಾಯವನ್ನು ಮತ್ತೊಮ್ಮೆ ಹಾಡಿದರು. ಹೆಂಗಸರು ಹೊಸ ಕಾಳು ತಂದಿದ್ದರು.

"ಗಂಡಸರು ಏನೂ ಕೇಳಲಿಲ್ಲೇನು?"

"ಅವರು ಹಿಂದ ಕುಂತು ಎಲಿ ಅಡಿಕಿ ತಿಂತಿದ್ರು. ಯಾರ ಕೇಳ್ತಾರ?" ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆ ಹುಡುಗಿ ಯಾರಂತ ಕೇಳಲಿಲ್ಲಲ್ಲ ನೀನು?" ಎಂದರು.

ಕೇಳಬೇಕಾಗಿರಲಿಲ್ಲ. ಅವರು ನನ್ನನ್ನು ನೋಡುತ್ತಿದ್ದ ರೀತಿಯಲ್ಲೇ ತಿಳಿಯಿತು.

ಓದು ಬರದ ಸಂಗತಿ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಹೊರಟಾಗ ಅವರು ಹೇಳಿದರು: "ಸಂಜಿಗೆ ಓದಾಕಿ ನೀನು. ಅಚ್ಚಾದದ್ದು ಓದ್ತಿಯೋ, ನಾ ಕಟ್ಟಿದ್ದು ಓದ್ತಿಯೋ, ನಿನಗ ಬಿಟ್ಟದ್ದು. ಅಚ್ಚಾದದ್ದು ಓದಿದ್ರ ಮೂವತ್ತ ವರ್ಷ ನಾ ಏನ ಓದಿದೆ ಅಂತ ಊರ ಕೇಳತೈತಿ. ನಾ ಕಟ್ಟಿದ್ದು ಓದಿದ್ರ, ನಾಳೆ ಯಾರರ ಪುಸ್ತಕ ತಗದು ನೋಡಿದ್ರ, ಕಲತಾಕಿ ಸುಳ್ಳ ಓದ್ಯಾಳ ಅಂತ ನಿನ್ನ ಕೇಳತೈತಿ. ವಿಡಿಯೋ ಬ್ಯಾರೆ ಮಾಡ್ತಾರಂತ."

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಕೇಳಿದೆ.

"ಅವ್ವಾ, ನೀ ಪುರಾಣದಾಗ ಕಾಳು ಚೆಲ್ಲಿದ್ಯಂತ?"

ಕೈ ನಿಲ್ಲಲಿಲ್ಲ. "ಯಾರ ಹೇಳಿದ್ರು, ಬಡಿಗೇರ ಮುದುಕನ? ಅವನ ಬಾಯಾಗ ಒಂದ ಮಾತ ನಿಂದ್ರಾಂಗಿಲ್ಲ. ಆವತ್ತ ಮನೀಗೆ ಬಂದ ಮ್ಯಾಲ ನಿಮ್ಮಜ್ಜಿ ಒಲಿ ಊದೂ ಕೊಳವಿ ತಗೊಂಡು ಬಡದ್ಲು ನನಗ. ದೇವರ ಕಾಳು ಚೆಲ್ಲಿದೆಂತ."

"ಯಾಕ ಚೆಲ್ಲಿದಿ?"

"ಯಾಕಂದ್ರ? ಆಕಿ ಕೊಡಾ ಖಾಲಿ ಐತಂತ ಯಾಕಂದ್ಲು? ಯಾರರ ಕೇಳ್ಯಾರೇನು ಆಕೀನ್ನ? ಎಷ್ಟ ದೂರದಿಂದ ಹೊತ್ತುಕೊಂಡು ಹೊಂಟಿದ್ಲೋ ಏನೋ. ಮನ್ಯಾಗ ಕೂಸ ಇರಬಹುದು, ಕಾಯಿಲಿ ಮಲಗಿದವ್ರು ಇರಬಹುದು. ಅತ್ತಿ ಅಂಜಿಕಿ ಇರಬಹುದು. ಶರಣ ಆದಾವ ಅಷ್ಟೂ ತಿಳೀದಂಗ ಶಾಪಾ ಕೊಡ್ತಾನಂದ್ರ ಆ ಕಥಿ ಸರಿ ಇಲ್ಲ. ಸರಿ ಮಾಡ್ರಿ ಅಂದೆ." ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಬಿತ್ತೂದು ನಾವು. ಹೊಲದಾಗ ಶಾಪಾ ಬೆಳದ್ರ ಯಾರ ಉಣ್ಣಬೇಕು?"

ಎಂ.ಎ.ಯ ಎರಡು ವರ್ಷ ಆಶಯ, ವಸ್ತು, ದೃಷ್ಟಿಕೋನ ಎಂದು ಕಲಿತವಳು ನಾನು. ಆ ಹೆಂಗಸಿನ ಮನೆಯಲ್ಲಿ ಕೂಸಿತ್ತೇ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಅಜ್ಜಗ ಓದಾಕ..." ಎಂದು ಬಾಯಿತಪ್ಪಿ ಶುರುಮಾಡಿ ನಿಲ್ಲಿಸಿದೆ.

"ಬರಂಗಿಲ್ಲ" ಎಂದಳು ಅವ್ವ. "ಹೆಣ್ಮಕ್ಕಳಿಗೆಲ್ಲ ಗೊತ್ತು. ಓದಾಕ ಬರೂ ಮನಷ್ಯಾ ಆಗಿದ್ರ ಪುಸ್ತಕದಾಗ ಹಿಂಗಿಲ್ಲಂತ ನಮ್ಮ ಕೂಡ ಜಗಳಾ ತಗೀತಿದ್ದ. ಒಂದ ದಿನದಾಗ ಕಥಿ ತಿದ್ದಿ ತರ್ತಿದ್ನೇನು?"

ದೇವರನ್ನು ನಂಬಿ ಬಾಯಿ ಮುಚ್ಚಿಕೊಂಡು ಬದುಕಿದ ಹೆಂಗಸು ನನ್ನ ಅವ್ವ ಎಂದು ತಿಳಿದಿದ್ದೆ. ಅವಳು ನಂಬಿದ್ದು ನಿಜ. ಆದರೆ ನಂಬುವ ಮೊದಲು ದೇವರನ್ನು ಎದ್ದು ನಿಂತು ದಾರಿಗೆ ತಂದಿದ್ದಳು. ಆ ದೇವರನ್ನೇ ಎಷ್ಟೋ ವರ್ಷದ ಮೇಲೆ, ಕುಷ್ಟಗಿಯಲ್ಲಿ ಅವಳನ್ನು ಊರಾಕಿ ಎಂದ ಮಗಳ ಅಂಗೈಗೆ ಸುರಿದಿದ್ದಳು.

"ಅದು ಪುಸ್ತಕದಾಗ ಇಲ್ಲವ್ವ. ಇವತ್ತ ಸಂಜಿಗೆ ನಾ ಓದಬೇಕು."

"ಇಲ್ಲಂದ್ರ ಬರಕೊ. ಬರಿಯಾಕ ಬರ್ತೈತೆಲ್ಲ ನಿನಗ" ಎಂದು ರೊಟ್ಟಿ ತಿರುವಿದಳು.

ಆ ಸಂಜೆ ಪಡಸಾಲೆ ತುಂಬಿತ್ತು. ಹಿರಿಯರು ಮೊಬೈಲನ್ನು ಒಂದು ಸ್ಟ್ಯಾಂಡಿಗೆ ಸಿಗಿಸಿ ಗದ್ದುಗೆಯ ಎದುರಿಗೆ ನಿಲ್ಲಿಸಿದ್ದರು. ನಾನು ಪುಸ್ತಕದ ಮುಂದೆ ಕೂತೆ. ಅಜ್ಜ ನಾನು ಕೂರುತ್ತಿದ್ದ ಜಾಗದಲ್ಲಿ ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು. ಮುಂದಿನ ಸಾಲಿನಲ್ಲಿ ಅವ್ವ ಮುಷ್ಟಿ ಬಿಗಿಹಿಡಿದು ಕೂತಿದ್ದಳು. ಅವಳೊಬ್ಬಳೇ ಅಲ್ಲ, ಮುದುಕಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ಗೊತ್ತಿದ್ದವರ ನೋಟ ಅದು.

ಓದಿದೆ. ರಾಗ ಬರಲಿಲ್ಲ, ಬಿಡಿಸಿ ಬಿಡಿಸಿ ಓದಿದೆ. ಮಧ್ಯಾಹ್ನವಾಯಿತು, ಶರಣ ಬಂದ, ಕೊಡ ಖಾಲಿ ಎಂದಳು. ಮನೆಗೆ ಹೋದಳು, ಓಡಿ ಬಂದಳು. ಒಂದು ಕೂಗು. ಎರಡು ಕೂಗು. ಮೂರನೆಯ ಕೂಗಿನ ಸಾಲು ಮುಗಿಯಿತು. ಮುಂದಿನ ಸಾಲಿನಲ್ಲಿ ದಪ್ಪ ಅಚ್ಚಿನಲ್ಲಿ ಇತ್ತು, ತಿರುಗಿ ನೋಡಲಿಲ್ಲ ಎಂದು. ನನ್ನ ಕಣ್ಣು ಅಲ್ಲೇ ಹೂತಿತು. ಹದಿನೇಳು ವರ್ಷ ಸಾಲಿ ಕಲಿತು ನಾನು ಗಳಿಸಿದ್ದು ಒಂದೇ, ಕಂಡ ಅಕ್ಷರವನ್ನು ಕಂಡಂತೆ ಓದುವುದು. ಅದನ್ನು ಬಿಡಲು ಬಾಯಿ ಏಳಲೊಲ್ಲದು. ಅಜ್ಜನ ನುಡಿ ನೂರು ಸಲ ಕೇಳಿದ್ದೆ, ಆ ಹೊತ್ತಿಗೆ ಒಂದು ಪದವೂ ನೆನಪಿಗೆ ಬರಲಿಲ್ಲ. ಹಿರಿಯರು ಮೊಬೈಲಿನಿಂದ ಮುಖವೆತ್ತಿ ನನ್ನ ಕಡೆ ನೋಡಿದರು.

ಅವ್ವನ ಕೈ ಗಂಟಿಗೆ ಹೋಯಿತು.

"ಮೂರನೇ ಕೂಗಿಗೆ..." ಎಂದು ಪಕ್ಕದಿಂದ, ಉಸಿರಿನಷ್ಟೇ ದನಿಯಲ್ಲಿ, ಅಜ್ಜ ಅಂದರು.

"ಮೂರನೇ ಕೂಗಿಗೆ ಶರಣ ತಿರುಗಿ ನೋಡಿದನು" ಎಂದು ನಾನು ಓದಿದೆ. ಬೆರಳು ಶಾಪದ ಮೇಲಿತ್ತು. ಎಡದಿಂದ ಬಲಕ್ಕೆ ಸರಿಸಿದೆ. ಹಗ್ಗ ಬಿಡು ತಾಯಿ ಎಂದೆ. ನನಗೂ ನೀರಡಿಕೆ, ನಿನಗೂ ನೀರಡಿಕೆ ಎಂದೆ. ಅಜ್ಜನ ಉಸಿರು ಒಂದು ಪದ ಮುಂದೆ, ನಾನು ಒಂದು ಪದ ಹಿಂದೆ. ಕಣ್ಣು ಮಂಜಾಗಿ ಅಕ್ಷರಗಳು ಕಾಣದಾದವು.

ಶಾಪದ ನಾಲ್ಕು ಪದ್ಯಗಳಲ್ಲಿ ಎರಡು ಇನ್ನೂ ಕೆಳಗೆ ಉಳಿದಿದ್ದವು. ಅಜ್ಜ ಕೈ ಚಾಚಿ, ವಸ್ತ್ರ ಸರಿಮಾಡುವವರಂತೆ, ಹಾಳೆ ತಿರುವಿದರು.